ಒಂದ್ಸಲ ಬಂದೋರು ಮತ್ತೆ ಯಾಕೆ ಬರಲ್ಲ? ಟ್ರೆಕ್ಕಿಂಗ್, ಕ್ಯಾಂಪಿಂಗ್ ನಡೆಸೋರು, ಹೋಗೋರು ಇಬ್ರೂ ಹೇಳಿ

ಬೆಟ್ಟದಬುಡ (ಚಿಕ್ಕಬಳ್ಳಾಪುರ)

ಎಲ್ರಿಗೂ ನಮಸ್ಕಾರ. ಬೆಟ್ಟದ ಬುಡದಲ್ಲೇ ನಮ್ದು ಎರಡೂವರೆ ಎಕರೆ ಜಮೀನು. ಮುಂಚೆ ಅಪ್ಪ ದ್ರಾಕ್ಷಿ ಇಟ್ಟಿದ್ರು, ಬೋರು ಬತ್ತೋದ್ಮೇಲೆ ಚಪ್ಪರ ಕಿತ್ತಾಕಿದ್ವಿ. ಮೂರು ವರ್ಷದಿಂದ ನಾನು ಅಲ್ಲೇ ಟೆಂಟ್ ಹಾಕಿ ಕ್ಯಾಂಪಿಂಗ್ ನಡೆಸ್ತಿದೀನಿ, ಜಮೀನಿಗೆ ಸೇರಿದ ಬಂಡೇಲಿ ರಾಪ್ಲಿಂಗ್ (ಹಗ್ಗದ ಮೇಲೆ ಬಂಡೆ ಇಳಿಯೋದು) ಇದೆ, ಬೆಳಗಿನ ಜಾವ ಸ್ಕಂದಗಿರಿಗೆ ಟಿಕೆಟ್ ಮಾಡ್ಸಿ ಕರ್ಕೊಂಡೋಗ್ತೀವಿ. ಶನಿವಾರ ಭಾನುವಾರ ತುಂಬುತ್ತೆ, ಸುಳ್ಳು ಹೇಳಲ್ಲ. ನನ್ನ ಕಷ್ಟ ಬೇರೆ.

ಬಂದೋರ ಹೆಸ್ರು, ಫೋನ್ ನಂಬರ್ ಎಲ್ಲಾ ಒಂದು ಲಾಂಗ್ ಬುಕ್ಕಲ್ಲಿ ಬರ್ದಿಡ್ತೀನಿ. ಅಪ್ಪ ಹಾಲಿನ ಲೆಕ್ಕ ಹಂಗೇ ಬರೀತಿದ್ರು, ಆ ಅಭ್ಯಾಸ ನನಗೂ ಬಂದಿದೆ. ಹೋದ ವಾರ ಕೂತ್ಕೊಂಡು ಮೊದಲನೇ ಪುಟದಿಂದ ತಿರುವಿ ನೋಡ್ದೆ, ಒಂದೇ ಹೆಸ್ರು ಎರಡು ಕಡೆ ಇರೋದು ಬೆರಳಲ್ಲಿ ಎಣಿಸ್ಬೋದು ಅಷ್ಟೇ. ಹೋಗೋವಾಗ ಎಲ್ರೂ ಸೂಪರ್ ಬ್ರೋ ಮತ್ತೆ ಬರ್ತೀವಿ ಅಂತ ಕೈ ಕುಲುಕಿ ಹೋಗ್ತಾರೆ, ಗೂಗಲ್‌ನಲ್ಲಿ ಐದು ಸ್ಟಾರ್ ಕೊಡ್ತಾರೆ, ಬರಲ್ಲ.

ಹೊಸಬ್ರನ್ನ ತರೋಕೆ ಆ್ಯಪ್‌ನೋರಿಗೆ ಕಮಿಷನ್ ಕಟ್ಟಿ ಕಟ್ಟಿ ಸಾಕಾಗಿದೆ, ಹಳಬ್ರು ನೇರವಾಗಿ ಫೋನ್ ಮಾಡಿ ಬಂದ್ರೆ ಆ ದುಡ್ಡು ನಮ್ಮ ಹುಡುಗ್ರ ಸಂಬಳಕ್ಕಾಗುತ್ತೆ, ನಾಲ್ಕು ಜನಾನೂ ನಮ್ಮೂರೋರೇ. ಇನ್ನೊಂದು, ಜನ ಜಾಸ್ತಿ ಮಾಡ್ಕೊಂಡು ಬೆಳೀತೀನಿ ಅನ್ನೋ ಕಾಲಾನೂ ಮುಗೀತು. 2024ರ ಜನವರೀಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿ ದೊಡ್ಡ ಸುದ್ದಿ ಆಯ್ತಲ್ಲ, ಆಮೇಲೆ ಅರಣ್ಯ ಇಲಾಖೆ ಟ್ರೆಕ್ಕಿಂಗ್ ದಾರಿಗಳಿಗೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಅಂತ ಮಿತಿ ತಂತು. ಅದು ಒಳ್ಳೇದೇ, ಬೆಟ್ಟ ಉಳ್ಕೊಳುತ್ತೆ. ಆದ್ರೆ ಬಂದೋರನ್ನೇ ಉಳಿಸ್ಕೋಬೇಕು ಅನ್ನೋದು ನಮಗೆ ಇನ್ನೂ ಜಾಸ್ತಿ ಬೇಕಾಗಿದೆ. ಎಲ್ಲಿ ತಪ್ತಿದೀನಿ, ನೇರವಾಗಿ ಹೇಳಿ.

ಯಲಹಂಕದೋನು

ಗಿರಾಕಿ ಕಡೆಯಿಂದ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಾನು ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಟೀಮ್ ಜೊತೆ ಸ್ಕಂದಗಿರಿಗೆ ಬಂದಿದ್ದೆ (ನಿಮ್ದಲ್ಲ, ಬೇರೇದು). ಇನ್‌ಸ್ಟಾದಲ್ಲಿ ಹಾಕಿದ್ದ ಫೋಟೋದಲ್ಲಿ ಬೆಟ್ಟದ ಕೆಳಗೆಲ್ಲಾ ಹಾಲು ಚೆಲ್ಲಿದಂಗೆ ಮೋಡ. ಮಧ್ಯರಾತ್ರಿ ಎದ್ದು ಬಂದು ಕತ್ಲಲ್ಲಿ ಹತ್ತಿ ನೋಡಿದ್ರೆ ಒಂದು ಚೂರೂ ಮೋಡ ಇಲ್ಲ, ಧೂಳು ಧೂಳು ಬಯಲು, ದೂರದಲ್ಲಿ ಹೈವೇ ಲಾರಿ. ಜಾಗ ಚೆನ್ನಾಗೇ ಇತ್ತು, ಗಾಳಿ ಚೆನ್ನಾಗಿತ್ತು, ಆದ್ರೆ ಮನಸಲ್ಲಿ ಮೋಸ ಹೋದೆ ಅಂತ ಕೂತ್ಬಿಡ್ತು. ಅದೇ ಫೋಟೋ ಹಾಕ್ದೆ ಇದ್ದಿದ್ರೆ ಖುಷಿಯಾಗೇ ಬರ್ತಿದ್ದೆ ಅನ್ಸುತ್ತೆ.

ಬೆಟ್ಟದಬುಡ

ಸರ್ ನಿಜ ಹೇಳ್ತೀನಿ, ನಮ್ಮ ಪೇಜಲ್ಲೂ ಡಿಸೆಂಬರ್ ಫೋಟೋನೇ ವರ್ಷ ಪೂರ್ತಿ ಓಡ್ತಿದೆ. ಮಳೆ ಮುಗ್ದು ನೆಲದಲ್ಲಿ ತೇವ ಇರ್ಬೇಕು, ರಾತ್ರಿ ಆಕಾಶ ತಿಳಿಯಾಗಿ ಚಳಿ ಬೀಳ್ಬೇಕು, ಗಾಳಿ ಇರ್ಬಾರ್ದು, ಆಗ ತಗ್ಗಲ್ಲಿ ಮಂಜು ಕೂರುತ್ತೆ, ಮೇಲಿಂದ ನೋಡೋರಿಗೆ ಮೋಡದ ಸಮುದ್ರ ಥರ ಕಾಣುತ್ತೆ. ಇದು ನಮಗೆ ಗೊತ್ತು. ಅಕ್ಟೋಬರ್‌ನಿಂದ ಜನವರಿವರೆಗೆ ಸಿಗೋ ಚಾನ್ಸ್ ಜಾಸ್ತಿ, ಏಪ್ರಿಲ್ ಮೇನಲ್ಲಿ ಕಡ್ಮೆ. ಕೇಳಿದ್ರೆ ಹೇಳ್ತೀವಿ, ಕೇಳ್ದೆ ಇದ್ರೆ ಸುಮ್ನಿರ್ತೀವಿ. ಅದು ತಪ್ಪೇ.

ಅಂತರಗಂಗೆ ಹುಡ್ಗ (ಕೋಲಾರ)

ಅಣ್ಣ ಫೋಟೋ ವಿಷ್ಯ ಸರಿ, ಆದ್ರೆ ನಂಗನ್ಸೋದು ಬೇರೆ. ಜಾಗ ನೋಡೋಕೆ ಬಂದೋನು ಜಾಗ ನೋಡಾದ್ಮೇಲೆ ಮತ್ತೆ ಯಾಕ್ ಬರ್ತಾನೆ? ಸೂರ್ಯ ನಾಳೆ ಬೇರೆ ಬೆಟ್ಟದಲ್ಲೂ ಹುಟ್ತಾನೆ. ನಮ್ಮ ಶತಶೃಂಗ ಬೆಟ್ಟದ ಕಡೆ ಬರೋರೂ ಅಷ್ಟೇ, ಬಸವಣ್ಣನ ಬಾಯಿಂದ ಬರೋ ನೀರು ನೋಡ್ತಾರೆ, ಕಾಶಿ ವಿಶ್ವೇಶ್ವರನಿಗೆ ಕೈ ಮುಗೀತಾರೆ, ಬಂಡೆ ಸಂದೀಲಿ ನುಗ್ಗಿ ಗುಹೆ ದಾಟಿ ಮೈಕೈ ಮಣ್ಣು ಮಾಡ್ಕೊಂಡು ಹೋಗ್ತಾರೆ, ಮುಗೀತು.

ನಮ್ಮತ್ರ ವಾಪಸ್ ಬರೋರು ಯಾರು ಗೊತ್ತಾ, ಏನಾದ್ರೂ ಅರ್ಧ ಕಲ್ತು ಹೋದೋರು. ಒಬ್ರು ಮೇಡಮ್ ಮೊದಲನೇ ಸಲ ಬಂದಾಗ ಆ ಕಿರಿದಾದ ಸಂದಿ ಹತ್ರ ನಿಂತು ನನ್ ಕೈಲಾಗಲ್ಲ ಅಂತ ಅತ್ಬಿಟ್ರು. ನಮ್ ಹುಡ್ಗ ಬಲವಂತ ಮಾಡ್ಲಿಲ್ಲ. ಟಾರ್ಚ್ ಆರಿಸಿ ಅಲ್ಲೇ ಪಕ್ಕ ಕೂತ್ಕೊಂಡು, ಮೇಡಮ್ ಇವತ್ತು ಇಲ್ಲಿವರೆಗೆ ಬಂದ್ರಲ್ಲ ಸಾಕು, ಮೊದ್ಲು ಉಸಿರು ಬಿಡೋದು ಕಲೀರಿ, ಎದೆ ತುಂಬ ಗಾಳಿ ಇದ್ರೆ ಬಂಡೆ ಹಿಡ್ಕೊಳುತ್ತೆ, ಪೂರ್ತಿ ಉಸಿರು ಬಿಟ್ಟಾಗ ಮೈ ಜಾರುತ್ತೆ ಅಂತ ತೋರಿಸ್ಕೊಟ್ಟ. ಅವತ್ತು ಅವ್ರು ದಾಟ್ಲಿಲ್ಲ. ಎರಡು ತಿಂಗಳು ಬಿಟ್ಟು ಅವ್ರೇ ಫೋನ್ ಮಾಡಿ ಬಂದು ದಾಟಿದ್ರು, ಆಮೇಲೆ ತಂಗೀನ ಕರ್ಕೊಂಡ್ ಬಂದ್ರು, ಈಗ ಹಗ್ಗದ ಕೆಲ್ಸ ಕಲೀಬೇಕು ಅಂತ ಹಿಂದೆ ಬಿದ್ದಿದಾರೆ. ನಿಮ್ಮಲ್ಲಿ ರಾಪ್ಲಿಂಗ್ ಇದೆಯಲ್ಲ, ಇಳಿಸ್ಬಿಟ್ಟು ಫೋಟೋ ತೆಗ್ದು ಕಳಿಸ್ತೀರಾ ಇಲ್ಲ ಒಂದು ಗಂಟು ಹಾಕೋದಾದ್ರೂ ಕಲಿಸ್ತೀರಾ? ಎಂಟರ ಆಕಾರದ ಗಂಟು ಹಾಕೋಕೆ ಹತ್ತು ನಿಮಿಷ ಸಾಕು. ಮನೇಲಿ ಹಗ್ಗ ಸಿಕ್ಕಾಗೆಲ್ಲಾ ಹಾಕಿ ನೋಡ್ತಾರೆ, ನಿಮ್ಮ ನೆನಪಾಗುತ್ತೆ.

ಇಬ್ರು ಮಕ್ಕಳಮ್ಮ (ತುಮಕೂರು)

ನಾವು ಮಕ್ಕಳನ್ನ ಕರ್ಕೊಂಡ್ ಹೋಗೋರು, ನಮಗೆ ಮೊದಲ್ನೇದು ಭಯ ಕಣ್ರೀ. ಒಂದು ಕಡೆ (ಹೆಸ್ರು ಬೇಡ) ನಮ್ಮ ದೊಡ್ಡ ಮಗನಿಗೆ ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸೋ ಸೊಂಟ ತೊಡೆ ಪಟ್ಟಿ) ಹಾಕಿದ್ರು, ಹತ್ತು ವರ್ಷದ ಹುಡ್ಗ, ಸೊಂಟದ ಪಟ್ಟಿ ದೊಡ್ಡೋರ್ದು, ಎಳ್ದು ಎಳ್ದು ಬಿಗಿ ಮಾಡಿದ್ರೂ ನನ್ನ ಕೈ ಒಳಗೆ ಹೋಗ್ತಿತ್ತು. ಬಣ್ಣ ಹೋಗಿ ಬಿಳಚ್ಕೊಂಡಿತ್ತು, ಹೊಲಿಗೆ ಹತ್ರ ನೂಲು ಎದ್ದಿತ್ತು. ಕೇಳಿದ್ರೆ ಏನೂ ಆಗಲ್ಲ ಆಂಟಿ ದಿನಾ ನೂರು ಜನ ಇಳೀತಾರೆ ಅಂದ ಆ ಹುಡ್ಗ. ನಾನು ಬಿಚ್ಚಿಸಿ ಕರ್ಕೊಂಡ್ ಬಂದೆ, ದುಡ್ಡು ವಾಪಸ್ ಕೊಡ್ಲಿಲ್ಲ, ಕೇಳೋಕೂ ಹೋಗ್ಲಿಲ್ಲ.

ಇನ್ನೊಂದ್ಕಡೆ ಹೋದಾಗ ಇಡೀ ದಿನದ ದುಡ್ಡು ಕಟ್ಟಿದ್ವಿ, ಬೆಳಗ್ಗೆ ಹೋದ್ರೆ ಇವತ್ತು ರಾಪ್ಲಿಂಗ್ ಇಲ್ಲ ಅಕ್ಕ ಅಂದ್ರು. ಬಂಡೆ ಹೊಟ್ಟೇಲಿ ಹೆಜ್ಜೇನು ಕಟ್ಟಿತ್ತು, ದೂರ್‌ದಿಂದ ತೋರಿಸಿದ್ರು, ಕಪ್ಪಗೆ ಮೊರದಷ್ಟಗಲ ನೇತಾಡ್ತಿತ್ತು, ಆಗಾಗ ಅಲೆ ಎದ್ದಂಗೆ ಮಿನುಗ್ತಿತ್ತು. ಸೆಂಟ್ ಹಾಕ್ಕೊಂಡೋರು ಈ ಕಡೆ ಬರ್ಬೇಡಿ, ಹೊಗೆ ಮಾಡ್ಬೇಡಿ, ಕೂಗ್ಬೇಡಿ ಅಂತ ಎಲ್ರಿಗೂ ಹೇಳಿ, ನಾವು ಕೇಳೋಕ್ಮುಂಚೇನೇ ಅರ್ಧ ದುಡ್ಡು ಫೋನ್‌ಪೇ ಮಾಡಿದ್ರು. ಮಕ್ಕಳು ಇವತ್ತೂ ಹೆಜ್ಜೇನು ತೋರ್ಸಿದ ಅಂಕಲ್ ಅಂತಾರೆ. ಅಲ್ಲಿಗೆ ನಾವು ಮೂರು ಸಲ ಹೋಗಿದೀವಿ, ನಮ್ಮ ಅಪಾರ್ಟ್‌ಮೆಂಟಿನೋರೂ ಹೋಗಿದಾರೆ.

ಏಕಶಿಲೆ (ಮಧುಗಿರಿ)

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮೂರ ಹೆಸ್ರಲ್ಲೇ ಮಧು ಇದೆ, ಹೆಜ್ಜೇನು ಕಂಡ್ರೆ ತಮಾಷೆ ಮಾಡೋ ಹಂಗಿಲ್ಲ.

ಬೆಟ್ಟದಬುಡ ಅಣ್ಣ, ಹಗ್ಗಕ್ಕೆ ಲೆಕ್ಕದ ಪುಸ್ತಕ ಇಟ್ಟಿದೀರಾ? ಯಾವತ್ತು ತಗೊಂಡಿದ್ದು, ಯಾವ್ಯಾವತ್ತು ಹಾಕಿದ್ದು ಅಂತ. ನೈಲಾನ್ ಹಗ್ಗ ಒಂದ್ಸಲಾನೂ ಬಳಸ್ದೆ ಇಟ್ಟಿದ್ರೂ ಹತ್ತು ವರ್ಷದ ಮೇಲೆ ಬಳಸ್ಬೇಡಿ ಅಂತ ಕಂಪನಿಯೋರೇ ಬರ್ದಿರ್ತಾರೆ, ವಾರ ವಾರ ಬಿಸಿಲಲ್ಲಿ ಬಂಡೆಗೆ ಉಜ್ಜೋ ಹಗ್ಗ ಅದಕ್ಕಿಂತ ಎಷ್ಟೋ ಬೇಗ ತೆಗೀಬೇಕು. ಮಡಚಿ ಕೈಯಲ್ಲಿ ಸವರ್ತಾ ಹೋಗಿ, ಎಲ್ಲಾದ್ರೂ ಮೆತ್ತಗೆ ಅಥವಾ ಗಂಟು ಕಟ್ಟಿದಂಗೆ ಸಿಕ್ರೆ ಅದು ಮುಗೀತು ಅಂತ. ಅದನ್ನ ಬಂದೋರ ಮುಂದೇನೇ ಮಾಡಿ. ಗೈಡ್ ಹಗ್ಗ ಸವರಿ ನೋಡೋದನ್ನ ಕಂಡ್ರೆ ಜನಕ್ಕೆ ಎಷ್ಟು ಧೈರ್ಯ ಬರುತ್ತೆ ಅಂದ್ರೆ ನಂಬಕ್ಕಾಗಲ್ಲ. ಮತ್ತೆ ನಿಮ್ಮ ನಾಲ್ಕು ಹುಡುಗ್ರಲ್ಲಿ ಒಬ್ಬನ್ನಾದ್ರೂ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ರಾಕ್ ಕ್ಲೈಂಬಿಂಗ್ ಕೋರ್ಸಿಗೆ ಕಳ್ಸಿ, ಆಸಕ್ತಿ ಇದ್ರೆ ಆಮೇಲೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೇಲಿ 28 ದಿನದ ಬೇಸಿಕ್ ಕೋರ್ಸು. ಆ ಹುಡ್ಗ ವಾಪಸ್ ಬಂದ್ಮೇಲೆ ಮಾತಾಡೋ ರೀತೀನೇ ಬೇರೆ ಇರುತ್ತೆ.

ವೀಕೆಂಡ್ ಡೀಲ್

ಇಷ್ಟೆಲ್ಲಾ ಯಾಕ್ರೀ, ರೇಟ್ ಕಮ್ಮಿ ಮಾಡಿ ಬರ್ತಾರೆ. 999ಕ್ಕೆ ಟ್ರೆಕ್ಕು ತಿಂಡಿ ಟ್ರಾನ್ಸ್‌ಪೋರ್ಟ್ ಎಲ್ಲಾ ಕೊಡೋರಿದಾರೆ. ಎರಡನೇ ಸಲಕ್ಕೆ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಅಂತ ಕೂಪನ್ ಕೊಡಿ.

ಬೆಟ್ಟದಬುಡ

ಕೂಪನ್ ಹೋದ ವರ್ಷ ಮಾಡಿ ನೋಡ್ದೆ. ಬಂದೋರು ಕೂಪನ್‌ಗೆ ಬಂದ್ರು, ಮುಂದಿನ ತಿಂಗ್ಳು ಇನ್ನೊಬ್ಬ ನೂರು ರೂಪಾಯಿ ಕಮ್ಮಿ ಮಾಡ್ದಾಗ ಅಲ್ಲಿಗ್ ಹೋದ್ರು. ಅದು ಬೇಡ ಅಂತ ನಿರ್ಧಾರ ಮಾಡಿದೀನಿ.

ಅಂತರಗಂಗೆ ಹುಡ್ಗ (ಕೋಲಾರ)

999ರಲ್ಲಿ ಹಗ್ಗ ಬದಲಾಯ್ಸೋ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಕೇಳ್ಬೇಕು.

ಮೇಷ್ಟ್ರು (ಶಿರಾ)

ನಾನು ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡೋನು, ವರ್ಷಕ್ಕೊಂದ್ಸಲ ಹುಡುಗ್ರನ್ನ ಎಲ್ಲಾದ್ರೂ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ. ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಒಂದು ಪ್ರಯೋಗ ನೆನಪಾಯ್ತು. ಡೇನಿಯಲ್ ಕಾನೆಮನ್ ಅಂತ, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ ಅವ್ರು, ಜೊತೆಯವ್ರ ಜೊತೆ ಸೇರಿ ಮಾಡಿದ್ದು, 1993ರಲ್ಲಿ ಪ್ರಕಟ ಆಯ್ತು. ಜನಕ್ಕೆ ಒಂದ್ಸಲ 14 ಡಿಗ್ರಿ ತಣ್ಣೀರಲ್ಲಿ 60 ಸೆಕೆಂಡ್ ಕೈ ಇಡ್ಸಿದ್ರು. ಇನ್ನೊಂದ್ಸಲ ಅದೇ 14 ಡಿಗ್ರಿಲಿ 60 ಸೆಕೆಂಡ್ ಆದ್ಮೇಲೆ ಇನ್ನೂ 30 ಸೆಕೆಂಡ್ ಜಾಸ್ತಿ ಇಡ್ಸಿ, ಆ ಹೊತ್ತಲ್ಲಿ ನೀರನ್ನ ನಿಧಾನವಾಗಿ 15 ಡಿಗ್ರಿಗೆ ತಂದ್ರು. ಆಮೇಲೆ ಇವೆರಡರಲ್ಲಿ ಯಾವ್ದನ್ನ ಮತ್ತೆ ಮಾಡ್ತೀರಿ ಅಂತ ಕೇಳಿದ್ರೆ ಹೆಚ್ಚಿನ ಜನ ಉದ್ದದ್ದನ್ನೇ ಆರಿಸ್ಕೊಂಡ್ರು! ಒಟ್ಟು ನೋವು ಅದರಲ್ಲೇ ಜಾಸ್ತಿ, ಆದ್ರೆ ಕೊನೆ ಸ್ವಲ್ಪ ಹಿತವಾಗಿತ್ತು. ಮನಸ್ಸು ಪೂರ್ತಿ ಹೊತ್ತನ್ನ ಕೂಡಿಸಿ ಲೆಕ್ಕ ಹಾಕಲ್ಲ, ಅತಿ ತೀವ್ರವಾದ ಘಳಿಗೆ ಮತ್ತೆ ಕೊನೇ ಘಳಿಗೆ, ಇವೆರಡನ್ನೇ ಮುಖ್ಯವಾಗಿ ಹಿಡ್ಕೊಳುತ್ತೆ.

ಈಗ ನಿಮಗೆ ನನ್ನ ಪ್ರಶ್ನೆ. ಸೂರ್ಯ ಹುಟ್ಟೋ ಘಳಿಗೆ ನೀವು ಚೆನ್ನಾಗೇ ಮಾಡ್ತಿದೀರಿ. ಕೊನೇ ಘಳಿಗೆ ನಿಮ್ಮಲ್ಲಿ ಯಾವ್ದು? ಬೆಟ್ಟ ಇಳ್ದ ಮೇಲೆ ಅವ್ರು ಗಾಡಿ ಹತ್ತೋವರೆಗೆ ಏನಾಗುತ್ತೆ, ಹಾಗೇ ಬರೀರಿ ನೋಡೋಣ.

ಬೆಟ್ಟದಬುಡ

ಮೇಷ್ಟ್ರೇ ಬರೀತೀನಿ. ಆರೂವರೆ ಏಳಕ್ಕೆ ಸೂರ್ಯೋದಯ ಫೋಟೋ ಎಲ್ಲಾ ಮುಗಿಯುತ್ತೆ. ಏಳೂವರೆಗೆ ಇಳಿಯೋಕೆ ಶುರು. ಹತ್ತೋವಾಗ ಮುಂದೊಬ್ಬ ಹಿಂದೊಬ್ಬ ನಮ್ಮ ಹುಡುಗ್ರು ಇರ್ತಾರೆ. ಇಳಿಯೋವಾಗ ಒಬ್ಬ ಬೇಗ ಇಳ್ದು ಬರ್ತಾನೆ, ತಿಂಡಿ ಬಡಿಸ್ಬೇಕು, ರಾಪ್ಲಿಂಗ್‌ಗೆ ಬರೋ ಮುಂದಿನ ಬ್ಯಾಚಿಗೆ ಹಾರ್ನೆಸ್ ಜೋಡಿಸ್ಬೇಕು. ಗಿರಾಕಿಗಳು ಒಬ್ಬೊಬ್ರೇ ಎಂಟೂವರೆಯಿಂದ ಹತ್ತರವರೆಗೆ ಬರ್ತಾರೆ, ಮೊದಲು ಬಂದೋರಿಗೆ ತಟ್ಟೆ ಇಡ್ಲಿ ಬಿಸಿ ಇರುತ್ತೆ ಕೊನೆಗೆ ಬಂದೋರಿಗೆ ಆರಿರುತ್ತೆ. ಶೌಚಾಲಯ ಎರಡಿದೆ, ಕ್ಯೂ ಇರುತ್ತೆ. ಆಮೇಲೆ ಗಾಡಿ ಬರೋವರೆಗೆ ಅಲ್ಲೇ ರೋಡಲ್ಲಿ ಕಾಯ್ತಾರೆ. ನಾನು ಅಷ್ಟೊತ್ತಿಗೆ ಮುಂದಿನ ಬ್ಯಾಚಲ್ಲಿ ಇರ್ತೀನಿ.

ಟೈಪ್ ಮಾಡ್ತಾ ಮಾಡ್ತಾನೇ ನನಗೆ ಹೊಟ್ಟೇಲಿ ಒಂಥರಾ ಆಯ್ತು.

ಏಕಶಿಲೆ (ಮಧುಗಿರಿ)

ಅಣ್ಣ ಇಳಿಯೋದೇ ಕಷ್ಟ ಕಣಣ್ಣ! ಎಲ್ರೂ ಹತ್ತೋದೇ ಕಷ್ಟ ಅನ್ಕೊಂಡಿದಾರೆ. ಹತ್ತೋವಾಗ ಉಸಿರು ಹೋಗುತ್ತೆ ಅಷ್ಟೇ, ನಿಂತ್ರೆ ಬರುತ್ತೆ. ಇಳಿಯೋವಾಗ ತೊಡೆಯ ಮುಂದಿನ ಸ್ನಾಯು ಇಡೀ ಮೈ ಭಾರಾನ ಬ್ರೇಕ್ ಹಿಡ್ದಂಗೆ ತಡೀತಾ ಬರ್ಬೇಕು, ಅದರಿಂದಾನೇ ಮಾರನೇ ದಿನ, ಎರಡನೇ ದಿನ ಮೆಟ್ಲು ಇಳಿಯಕ್ಕಾಗಲ್ಲ. ಭಾನುವಾರ ಬಂದೋನು ಮಂಗಳವಾರ ಆಫೀಸಲ್ಲಿ ಕಂಬಿ ಹಿಡ್ಕೊಂಡು ಇಳೀತಾ ನಿಮ್ಮನ್ನ ನೆನ್ಸ್ಕೋತಾನೆ. ಮಧುಗಿರೀಲಿ ಆ ನೇರ ಬಂಡೆ ಮೇಲೆ ಹತ್ತೋವಾಗ ಯಾರೂ ಅಳಲ್ಲ, ಇಳಿಯೋವಾಗ ಕೆಳಗೆ ಊರು ಕಾಣುತ್ತಲ್ಲ, ಅಲ್ಲಿ ಕೂತ್ಬಿಡ್ತಾರೆ. ಎಂಟು ಗಂಟೆ ದಾಟಿದ್ರೆ ಬಂಡೆ ಕಾಯುತ್ತೆ ಬೇರೆ.

ನಾನು ಏನ್ಮಾಡ್ತೀನಿ ಹೇಳ್ತೀನಿ. ಮೇಲೇನೇ ಎಲ್ರನ್ನೂ ಕೂರ್ಸಿ ಶೂ ಲೇಸ್ ಬಿಚ್ಚಿಸ್ತೀನಿ, ಹಿಮ್ಮಡಿ ಹಿಂದಕ್ಕೆ ಕುಟ್ಟಿಸಿ ಮತ್ತೆ ಬಿಗಿಯಾಗಿ ಕಟ್ಟಿಸ್ತೀನಿ, ಇಲ್ಲಾಂದ್ರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ. ಮಂಡಿ ಸ್ವಲ್ಪ ಬಗ್ಸಿ, ಅಡ್ಡಡ್ಡ ಹೆಜ್ಜೆ ಇಟ್ಟು, ಸಣ್ಣ ಸಣ್ಣ ಹೆಜ್ಜೆ. ಮತ್ತೆ ಇಳಿಯೋವಾಗ ನಾನು ಯಾವತ್ತೂ ಕಟ್ಟಕಡೆಯೋರ ಜೊತೆ ಇರ್ತೀನಿ. ಹಿಂದೆ ಬೀಳೋರು ದಪ್ಪ ಇರೋರು, ವಯಸ್ಸಾದೋರು, ಮಂಡಿ ನೋವಿನೋರು, ಅವ್ರಿಗೆ ಮೊದ್ಲೇ ನಾಚಿಕೆ. ಅವ್ರ ಜೊತೆ ಮಾತಾಡ್ಕೊಂಡು ಕೋಟೆಯ ಈ ಬಾಗ್ಲು ಯಾವ್ದು, ಈ ಗುಂಡೀಲಿ ಏನ್ ಇಡ್ತಿದ್ರು ಅಂತ ಹೇಳ್ಕೊಂಡು ಬಂದ್ರೆ ಅವ್ರೇ ಮರೆಯಲ್ಲ.

ಯಲಹಂಕದೋನು

ಇದು ಪ್ರಾಣದ ವಿಷ್ಯಾನೂ ಹೌದು. 2022ರ ಫೆಬ್ರವರೀಲಿ ನಂದಿ ಬೆಟ್ಟದ ಹತ್ರ ಬ್ರಹ್ಮಗಿರಿ ಬಂಡೆಯಿಂದ ಜಾರಿದ ಸ್ಟೂಡೆಂಟ್ ಒಬ್ಬನ್ನ ವಾಯುಪಡೆ ಹೆಲಿಕಾಪ್ಟರ್ ತಂದು ಎತ್ತಿದ್ರಲ್ಲ, ಒಬ್ನೇ ಬಂದಿದ್ದ ಹುಡ್ಗ. ಜೊತೇಲಿ ಒಬ್ಬ ಇರೋದು ಎಷ್ಟು ದೊಡ್ಡದು ಅಂತ ಅವತ್ತು ಅನ್ನಿಸ್ತು. ನಾನು ಬಂದಿದ್ದ ಟ್ರಿಪ್ಪಲ್ಲೂ ಇಳಿಯೋವಾಗ ಗೈಡ್ ಕಣ್ಣಿಗೇ ಬಿದ್ದಿರ್ಲಿಲ್ಲ, ಈಗ ನೆನಪಾಗ್ತಿದೆ.

ರಾಗಿಕಣಜ (ಗೌರಿಬಿದನೂರು)

ನಾನು ಇಲ್ಲಿ ಓದ್ತಿರ್ತೀನಿ ಅಷ್ಟೇ, ಬರೆಯೋದು ಕಮ್ಮಿ. ನಾನೂ ನನ್ನ ಓರಗಿತ್ತೀನೂ ಇಂಥ ಕ್ಯಾಂಪಿನೋರಿಗೆ ಅಡುಗೆ ಮಾಡ್ಕೊಡ್ತೀವಿ. ಅಪ್ಪಾ ನಿಮ್ಮ ತಟ್ಟೆ ಇಡ್ಲಿ ಬೆಂಗ್ಳೂರೋರಿಗೆ ದಿನಾ ಸಿಗುತ್ತೆ. ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು ಮುದ್ದೆ ಮಾಡಿ ಇಟ್ಟಾಗ ಒಬ್ಬಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡು ನಮ್ಮಜ್ಜಿ ಮಾಡ್ತಿದ್ದಂಗೇ ಇದೆ ಅಂದ್ರು, ಮುಂದಿನ ವರ್ಷ ಅವರೆಕಾಯಿ ಬಂತಾ ಅಂತ ಅವ್ರೇ ಫೋನ್ ಮಾಡಿದ್ರು. ಬೆಟ್ಟ ಕೇಳ್ಲಿಲ್ಲ, ಅವರೆಕಾಯಿ ಕೇಳಿದ್ರು! ಬೇಸಿಗೇಲಿ ಇಳ್ದು ಬಂದೋರಿಗೆ ಮೊದ್ಲು ತಿಂಡಿ ಹೋಗಲ್ಲ ಗಂಟ್ಲಲ್ಲಿ, ಒಂದು ಲೋಟ ನೀರು ಮಜ್ಜಿಗೆ, ಉಪ್ಪು ಶುಂಠಿ ಕೊತ್ತಂಬರಿ ಹಾಕಿ ಕೊಡಿ, ಕೂತ್ಕೊಳ್ಳೋಕೆ ನೆರಳು ಕೊಡಿ. ಹೆಣ್ಮಕ್ಕಳಿಗೆ ಬೇರೆ ಶೌಚಾಲಯ, ಒಳಗೆ ಬಕೆಟ್ಟು, ಚಿಲಕ, ಬಟ್ಟೆ ನೇತಾಕೋಕೆ ಮೊಳೆ. ಆ ಮೊಳೆ ಇಲ್ದೆ ಇರೋ ಜಾಗಕ್ಕೆ ಯಾವ ಹೆಣ್ಮಗಳೂ ಎರಡನೇ ಸಲ ಬರಲ್ಲ, ಬಾಯ್ಬಿಟ್ಟು ಹೇಳೋದೂ ಇಲ್ಲ.

ಇಬ್ರು ಮಕ್ಕಳಮ್ಮ (ತುಮಕೂರು)

ಮೊಳೆ!! ಅಕ್ಕ ನೀವು ಹೇಳಿದ್ದು ಯಾರೂ ಹೇಳಲ್ಲ. ಬೆಟ್ಟ ಇಳ್ದು ಬೆವ್ರಿದ್ ಬಟ್ಟೆ ಬದಲಾಯ್ಸೋಕೆ ಒಳಗೆ ಹೋಗಿ ಬ್ಯಾಗ್ ಹಲ್ಲಲ್ಲಿ ಕಚ್ಕೊಂಡು ನಿಂತಿರೋದು ನಾವು.

ಬೆಟ್ಟದಬುಡ

ನಾಲ್ಕು ದಿನ ಆಯ್ತು, ತಿರುಗಿ ಬಂದಿದೀನಿ. ಮೇಷ್ಟ್ರು ಹೇಳಿದ್ಮೇಲೆ ಲಾಂಗ್ ಬುಕ್ ತಗೊಂಡು ದಿನಾ ಸಾಯಂಕಾಲ ಒಂದಷ್ಟು ಜನಕ್ಕೆ ಫೋನ್ ಮಾಡ್ದೆ. ಬುಕಿಂಗ್ ಕೇಳೋಕಲ್ಲ ಸರ್, ಅವತ್ತು ಏನು ಸರಿ ಇರ್ಲಿಲ್ಲ ಅಂತ ತಿಳ್ಕೊಳ್ಳೋಕೆ ಅಂತ ಮೊದ್ಲೇ ಹೇಳಿಬಿಟ್ಟೆ. ಅರ್ಧ ಜನ ತೆಗೀಲಿಲ್ಲ. ತೆಗ್ದೋರಲ್ಲಿ ಚೆನ್ನಾಗಿತ್ತು ಅಂದೋರೇ ಜಾಸ್ತಿ, ಸ್ವಲ್ಪ ಹೊತ್ತು ಬಿಟ್ಟು ಸುಮ್ನಿದ್ರೆ ಆಮೇಲೆ ಬರುತ್ತೆ ಮಾತು.

ಒಬ್ರು ಐವತ್ತೈದರ ಮೇಲಿನೋರು, ಬ್ಯಾಂಕಲ್ಲಿ ಕೆಲ್ಸ ಮಾಡಿ ಸ್ವಯಂ ನಿವೃತ್ತಿ ತಗೊಂಡೋರು, ಮಗಳ ಜೊತೆ ಬಂದಿದ್ರಂತೆ. ಅವ್ರು ಹೇಳಿದ್ದು ಹಂಗೇ ಬರೀತೀನಿ. ಮೇಲೆ ನಿಮ್ಮ ಹುಡ್ಗ ಬಹಳ ಚೆನ್ನಾಗ್ ನೋಡ್ಕೊಂಡಪ್ಪಾ, ಕೈ ಹಿಡ್ದು ಹತ್ತಿಸ್ದ. ಇಳಿಯೋವಾಗ ನನ್ನ ಮಂಡಿ ಹಿಡ್ಕೊಂತು, ಮಗಳು ನಾನು ಇಬ್ರೇ ಉಳ್ಕೊಂಡ್ವಿ, ಎರಡು ಕಡೆ ದಾರಿ ತಪ್ತು, ಕೆಳಗೆ ಬಂದಾಗ ಹತ್ತೂಕಾಲು, ತಿಂಡಿ ಪಾತ್ರೆ ತೊಳೀತಿದ್ರು. ನಿಮ್ಮ ಹುಡ್ಗ ಓಡಿ ಹೋಗಿ ಅಂಗಡಿಯಿಂದ ಬಿಸ್ಕತ್ತು ತಂದ್ಕೊಟ್ಟ, ಅವನ ತಪ್ಪಲ್ಲ. ಆದ್ರೆ ಮಗಳ ಮುಂದೆ ನನಗೆ ಅವಮಾನ ಆದಂಗಾಯ್ತು. ಮಗಳು ಮತ್ತೆ ಕರೆದ್ಲು, ನಾನೇ ಬೇಡ ಅಂದೆ.

ನಾನು ಏನ್ ಹೇಳ್ಲಿ ಅವ್ರಿಗೆ. ಕ್ಷಮೆ ಕೇಳ್ದೆ. ಅವ್ರು ಐದು ಸ್ಟಾರ್ ಕೊಟ್ಟಿದಾರೆ, ಆ ರಿವ್ಯೂ ಈಗ್ಲೂ ನಮ್ಮ ಪೇಜಲ್ಲಿದೆ.

ಈ ಶನಿವಾರದಿಂದ ಹತ್ತೂವರೆವರೆಗೆ ಎರಡನೇ ಬ್ಯಾಚ್ ಇಲ್ಲ, ಕಟ್ ಮಾಡಿದೀನಿ. ದುಡ್ಡು ಕಮ್ಮಿ ಆಗುತ್ತೆ, ನೋಡೋಣ. ಕಟ್ಟಕಡೆಯೋರ ಜೊತೆ ನಾನೇ ಇಳೀತೀನಿ. ಫೋಟೋ ತಿಂಗಳ ಪ್ರಕಾರ ಬದಲಾಯ್ಸಿದೆ, ಮೇ ತಿಂಗಳಿಗೆ ನಕ್ಷತ್ರದ ಫೋಟೋ ಹಾಕಿ ಮೋಡ ಇರಲ್ಲ ಅಂತ ಕೆಳಗೆ ಬರ್ದೆ. ಹಗ್ಗದ ಪುಸ್ತಕ ಶುರು ಮಾಡಿದೀನಿ, ಒಂದು ಹಗ್ಗ ಏಕಶಿಲೆ ಅಣ್ಣ ಹೇಳಿದಂಗೆ ಸವರಿದಾಗ ಒಂದ್ಕಡೆ ಮೆತ್ತಗೆ ಸಿಕ್ತು, ಕತ್ತರಿಸಿ ಗಂಟು ಕಲಿಸೋಕೆ ತುಂಡು ಮಾಡಿಟ್ಟೆ. ಮೊಳೆ ಹೊಡ್ದಾಯ್ತು.

ಮೇಷ್ಟ್ರು (ಶಿರಾ)

ಆ ಬ್ಯಾಂಕಿನೋರನ್ನ ಬಿಡ್ಬೇಡಿ. ಸ್ಕಂದಗಿರಿಗಲ್ಲ, ಮಂಡಿಗೆ ಆಗೋವಂಥ ಸಣ್ಣ ದಾರಿಗೆ ಕರೀರಿ, ಆವಲಬೆಟ್ಟ ಆಗುತ್ತಾ ನೋಡಿ, ಮೇಲ್ಗಡೆವರೆಗೆ ಗಾಡಿ ಹೋಗುತ್ತೆ.

ಬೆಟ್ಟದಬುಡ

ಕರೆದೆ ಮೇಷ್ಟ್ರೇ. ಯೋಚ್ನೆ ಮಾಡ್ತೀನಿ ಅಂದ್ರು. ಒಂದು ಗಂಟೆ ಬಿಟ್ಟು ಮಗಳು ಮೆಸೇಜ್ ಮಾಡಿದಾಳೆ, ಅಪ್ಪ ಹೊಸ ಊರುಗೋಲು ಕೇಳ್ತಿದಾರೆ, ಎಂಥದ್ದು ತಗೋಬೇಕು ಅಂತ. ಏಕಶಿಲೆ ಅಣ್ಣ, ಮಂಡಿ ನೋವಿನೋರಿಗೆ ಒಂದು ಕೋಲು ಸಾಕಾ ಎರಡು ಬೇಕಾ?

ಏಕಶಿಲೆ (ಮಧುಗಿರಿ)

ಎರಡು. ಇಳಿಯೋವಾಗ ಸ್ವಲ್ಪ ಉದ್ದ ಮಾಡ್ಕೊಳ್ಳೋಕೆ ಹೇಳಿ, ಕೋಲು ಮೊದ್ಲು ಕೆಳಗೆ ಊರಿ ಆಮೇಲೆ ಕಾಲು.